ರೊಮಾನಾ, ಅವಳ ಸ್ಕ್ರೂಡ್ರೈವರ್ ಮತ್ತು ನಾನು

ತುಂಬಾ ದಿನಗಳಿಂದ ಬರೀಬೇಕು ಅಂದ್ಕೊಂಡು, ಅರ್ಧ ಬರೆದು, ಹಾಗೇ ಬಿಟ್ಟಿದ್ದ ಬರಹ ಇದು. ಬಿಟ್ಟಿದ್ದಕ್ಕೆ ಸೋಮಾರಿತನ ಒಂದೇ ಕಾರಣ ಅಲ್ಲ. ನನ್ನ ಬಗ್ಗೆ ಅಷ್ಟೇನೂ ಒಳ್ಳೇದಲ್ಲದ ವಿಷಯವೊಂದು ಇದರಲ್ಲಿ ಬರುತ್ತೆ. ಅದನ್ನ ಬಿಟ್ಟು ಬರೆಯೋಣ ಅಂತ ನೋಡಿದೆ, ಆಗಲಿಲ್ಲ. ಹಾಗಾಗಿ ಮೊದಲು ಧಾರಾವಾಹಿ, ಆಮೇಲೆ ನನ್ನ ಪುರಾಣ.

2009ರ ಕೊನೆಯಲ್ಲಿ ಆಫೀಸಿನವರು ನನ್ನನ್ನು ಇಂಗ್ಲೆಂಡಿನ ರೆಡಿಂಗ್‌ಗೆ ಆನ್‌ಸೈಟ್ ಕಳಿಸಿದ್ರು. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು. ರೂಮಿಗೆ ಬಂದು ಅನ್ನ-ಸಾರು ಮಾಡ್ಕೊಂಡು ಉಂಡ ಮೇಲೆ ಮಾಡೋಕೆ ಏನೂ ಇರ್ತಿರಲಿಲ್ಲ. ಬಸ್ ಸ್ಟಾಪಿನ ಪಕ್ಕ ಒಂದು ಚಾರಿಟಿ ಅಂಗಡಿ ಇತ್ತು. ಹಳೇ ಕೋಟು, ಹಳೇ ಕಪ್ಪು-ಸಾಸರು, ಹಳೇ ಡಿವಿಡಿ. ಅಲ್ಲಿ ಎರಡು ಪೌಂಡಿಗೊಂದು, ಮೂರು ಪೌಂಡಿಗೊಂದು ಅಂತ ಸಿಕ್ಕಿದ್ದು 'ಡಾಕ್ಟರ್ ಹೂ'. ದೂರದರ್ಶನದಲ್ಲಿ 'ಸ್ಟಾರ್ ಟ್ರೆಕ್' ನೋಡಿ ಬೆಳೆದವನು ನಾನು, ಇದರ ಹೆಸರನ್ನಷ್ಟೇ ಕೇಳಿದ್ದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಬಿಬಿಸಿಯಲ್ಲಿ 1963ರ ನವೆಂಬರ್ 23ಕ್ಕೆ ಶುರುವಾದ ಧಾರಾವಾಹಿ. 1989ರಲ್ಲಿ ನಿಂತು, 2005ರಲ್ಲಿ ಮತ್ತೆ ಬಂತು. ಡಾಕ್ಟರ್ ಅಂದ್ರೆ ಗ್ಯಾಲಿಫ್ರೇ ಅನ್ನೋ ಗ್ರಹದ 'ಟೈಮ್ ಲಾರ್ಡ್' ಕುಲದವನು. ಹೊರಗಿನಿಂದ ಹಳೇ ಕಾಲದ ಲಂಡನ್ ಪೊಲೀಸರ ನೀಲಿ ಪೆಟ್ಟಿಗೆ ಥರ ಕಾಣೋ ಟಾರ್ಡಿಸ್‌ನಲ್ಲಿ ಕೂತು ಹಿಂದಿನ ಕಾಲಕ್ಕೂ ಮುಂದಿನ ಕಾಲಕ್ಕೂ ಓಡಾಡ್ತಾನೆ. ಸಾಯೋ ಹಾಗಾದಾಗ ಅವನ ದೇಹ ಬದಲಾಗುತ್ತೆ, ಅಂದ್ರೆ ನಟ ಬದಲಾಗ್ತಾನೆ (ನಿರ್ಮಾಪಕರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು!). ಅವನ ಜೊತೆ ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ಸಂಗಾತಿಗಳು ಇರ್ತಾರೆ. ಹೆಚ್ಚಾಗಿ ಭೂಮಿಯ ಹುಡುಗಿ. "ಇದೇನು ಡಾಕ್ಟರ್?" ಅಂತ ಕೇಳೋದು, ರಾಕ್ಷಸ ಬಂದಾಗ ಕಿರುಚೋದು, ಓಡುವಾಗ ಕಾಲು ಉಳುಕಿಸಿಕೊಳ್ಳೋದು ಅವಳ ಪಾಲಿನ ಕೆಲಸ.

ರೊಮಾನಾ ಹಾಗಲ್ಲ. ಅವಳೂ ಗ್ಯಾಲಿಫ್ರೇಯವಳೇ, ಅವಳೂ ಟೈಮ್ ಲಾರ್ಡೇ. 1978ರ ಸೆಪ್ಟೆಂಬರಿನಲ್ಲಿ 'ದಿ ರೈಬಾಸ್ ಆಪರೇಷನ್' ಕಥೆಯಲ್ಲಿ ಬರ್ತಾಳೆ. ಆಗ ಡಾಕ್ಟರ್ ಆಗಿದ್ದವನು ಟಾಮ್ ಬೇಕರ್, ಆ ಮಾರುದ್ದದ ಸ್ಕಾರ್ಫಿನವನು. ಜಗತ್ತಿನ ಸಮತೋಲ ಕಾಪಾಡೋ 'ವೈಟ್ ಗಾರ್ಡಿಯನ್' ಅನ್ನೋ ಮಹಾಶಕ್ತಿ ಡಾಕ್ಟರನ್ನು ಕರೆದು, ಆರು ತುಂಡಾಗಿ ಚೆದುರಿರೋ ಒಂದು ಕೀಲಿಕೈ ಹುಡುಕಿ ತಾ ಅಂತ ಹೇಳಿ, ಸಹಾಯಕ್ಕೆ ಅಂತ ಇವಳನ್ನ ಗಂಟು ಹಾಕ್ತಾನೆ. ಡಾಕ್ಟರಿಗೆ ಸಹಾಯಕರು ಬೇಕಿಲ್ಲ. ಇವಳಿಗೆ ಡಾಕ್ಟರ್ ಬಗ್ಗೆ ಗೌರವವೇ ಇಲ್ಲ! ತನಗೆ ಅಕಾಡೆಮಿಯಲ್ಲಿ ಮೂರು ವಿಷಯಕ್ಕೂ ಫಸ್ಟ್ ಕ್ಲಾಸು, ನಿನಗೆ ಎರಡನೇ ಅಟೆಂಪ್ಟಿನಲ್ಲಿ 51 ಪರ್ಸೆಂಟು ಅಂತ ಮುಖಕ್ಕೆ ಹೇಳ್ತಾಳೆ. ಅವನು ತನ್ನ ವಯಸ್ಸು 756 ಅಂದ್ರೆ, ಅಲ್ಲ 759, ಎಲ್ಲೋ ಲೆಕ್ಕ ತಪ್ಪಿದೀಯ ಅಂತ ತಿದ್ದುತ್ತಾಳೆ. ಇವಳಿಗೆ ಆಗ ಹತ್ತಿರ ಹತ್ತಿರ 140. ಕಾಲೇಜು ಮುಗಿಸಿ ಬಂದ ಹುಡುಗಿ ಅನ್ನಿ. (ಮುಂದಿನ ವರ್ಷ ಪ್ಯಾರಿಸ್ಸಿನಲ್ಲಿ 125 ಅಂತಾಳೆ. ವಯಸ್ಸು ಕಡಿಮೆ ಹೇಳೋದು ಎಲ್ಲ ಗ್ರಹದಲ್ಲೂ ಇದೆ :-))

ಅವಳ ಪೂರ್ತಿ ಹೆಸರು ರೊಮಾನಾಡ್ವೊರಾಟ್ರೆಲುಂಡಾರ್. ಇದನ್ನ ಕೇಳಿದ ತಕ್ಷಣ ಡಾಕ್ಟರ್, ಅಪಾಯ ಬಂದಾಗ ಇಷ್ಟುದ್ದ ಕೂಗಿ ಮುಗಿಸೋ ಹೊತ್ತಿಗೆ ಕಥೆ ಮುಗಿದಿರುತ್ತೆ ಅನ್ನೋ ಅರ್ಥದಲ್ಲಿ ಗೊಣಗಿ, ಇನ್ಮೇಲೆ ರೊಮಾನಾ ಅಂತಾನೆ. ಅವಳು ನನಗೆ ಇಷ್ಟ ಇಲ್ಲ ಅಂತಾಳೆ. ರೊಮಾನಾ ಬೇಡ ಅಂದ್ರೆ ಫ್ರೆಡ್, ಎರಡರಲ್ಲಿ ಒಂದು ಆರಿಸ್ಕೋ ಅಂತಾನೆ. ಹಾಗಾದ್ರೆ ಫ್ರೆಡ್ ಅಂತಲೇ ಕರಿ ಅಂತಾಳೆ. ಸರಿ, ಬಾ ರೊಮಾನಾ ಅಂತಾನೆ! ನಾನು ಈ ದೃಶ್ಯ ನೋಡಿ ಒಬ್ಬನೇ ರೂಮಲ್ಲಿ ಬಿದ್ದು ಬಿದ್ದು ನಕ್ಕಿದ್ದೆ. ಇದನ್ನ ನೆನಪಿಟ್ಕೊಳ್ಳಿ.

ಮೊದಲ ರೊಮಾನಾ ಮೇರಿ ಟ್ಯಾಮ್. ಬಿಳಿ ಉಡುಪು, ನೆಟ್ಟಗೆ ನಿಂತ ಭಂಗಿ, ಮಾತು ಮಾತಿಗೂ ಹುಬ್ಬೇರಿಸೋದು. ಡಾಕ್ಟರಿಗೆ ಸರಿಸಮ ಅನ್ನೋ ಪಾತ್ರ ಅಂತ ಬಂದವರು. ಆದ್ರೆ ಕಥೆ ಬರೆಯೋರ ಹಳೇ ಅಭ್ಯಾಸ ಹೋಗಬೇಕಲ್ಲ? ಐದನೇ ಕಥೆ 'ದಿ ಪವರ್ ಆಫ್ ಕ್ರೋಲ್' ಹೊತ್ತಿಗೆ ಕಾಡುಜನ ಅವಳನ್ನ ಕಂಬಕ್ಕೆ ಕಟ್ಟಿ ಬಲಿ ಕೊಡೋಕೆ ಹೊರಡ್ತಾರೆ, ಅವಳು ಕಿರುಚ್ತಾಳೆ. ಮೂರು ಫಸ್ಟ್ ಕ್ಲಾಸು ಎಲ್ಲಿ ಹೋಯ್ತೋ. ಮೇರಿ ಟ್ಯಾಮ್ ಒಂದೇ ವರ್ಷಕ್ಕೆ ಬಿಟ್ಟರು, ಪಾತ್ರ ಮತ್ತೆ ಹಳೇ ಸಹಾಯಕಿಯ ಪಾತ್ರವೇ ಆಗ್ತಿದೆ ಅಂತ. 2012ರಲ್ಲಿ ತೀರಿಕೊಂಡರು.

ನಟಿ ಹೋದ್ರೇನಂತೆ, ಪಾತ್ರ ಟೈಮ್ ಲಾರ್ಡಿನದ್ದಲ್ಲವಾ. 1979ರ ಸೆಪ್ಟೆಂಬರಿನಲ್ಲಿ 'ಡೆಸ್ಟಿನಿ ಆಫ್ ದಿ ಡಾಲೆಕ್ಸ್' ಶುರುವಲ್ಲೇ ರೊಮಾನಾ ಹೊಸ ದೇಹದಲ್ಲಿ ಬರ್ತಾಳೆ. ಹಿಂದಿನ ಕಥೆಯಲ್ಲಿ ಒಬ್ಬ ರಾಜಕುಮಾರಿ ಇದ್ದಳು, ಅವಳದ್ದೇ ರೂಪ. ನಟಿಸಿದ್ದೂ ಅದೇ ಲಾಲಾ ವಾರ್ಡ್. ಬೇರೆಯವರ ದೇಹ ಹಾಕ್ಕೊಂಡು ಓಡಾಡಬಾರದು ಅಂತ ಡಾಕ್ಟರ್ ಆಕ್ಷೇಪಣೆ ಮಾಡ್ತಾನೆ. ಸರಿ ಅಂತ ಅವಳು ಒಳಗೆ ಹೋಗಿ ಒಂದೊಂದೇ ದೇಹ ತೊಟ್ಟು ಬಂದು ತೋರಿಸ್ತಾಳೆ, ಒಂದು ತೀರಾ ಕುಳ್ಳು, ಒಂದು ತೀರಾ ಎತ್ತರ. ಸೀರೆ ಅಂಗಡಿಯಲ್ಲಿ ನಾಲ್ಕು ಸೀರೆ ಬಿಡಿಸಿ ನೋಡಿ ಮೊದಲು ನೋಡಿದ್ದನ್ನೇ ತಗೊಳ್ಳೋ ಥರ, ಕೊನೆಗೆ ರಾಜಕುಮಾರಿ ರೂಪವೇ ಖಾಯಂ. ಡಾಕ್ಟರಿಗೆ ದೇಹ ಬದಲಾಗೋದು ಅಂದ್ರೆ ಸಾವಿನ ಹತ್ತಿರದ ಸಂಕಟ, ಇವಳಿಗೆ ಅದು ಟ್ರಯಲ್ ರೂಮು. ಅಭಿಮಾನಿಗಳು ಇದಕ್ಕೆ ಸಿಟ್ಟಾಗೋದುಂಟು. ನನಗಂತೂ ಇಷ್ಟವಾಯ್ತು. ಓದಿನಲ್ಲಿ ಮುಂದಿರೋರು ಅವನು ಒದ್ದಾಡೋ ಕೆಲಸವನ್ನ ಸಲೀಸಾಗಿ ಮಾಡ್ತಾರೆ, ಅಷ್ಟೇ.

ಆ ವರ್ಷ ಕಥೆಗಳ ಸಂಪಾದಕ ಡಗ್ಲಸ್ ಆಡಮ್ಸ್. ಹೌದು, 'ಹಿಚ್‌ಹೈಕರ್ಸ್ ಗೈಡ್'ನ ಅದೇ ಆಡಮ್ಸ್. ಅವನ ಕೈವಾಡ ಜಾಸ್ತಿ ಇರೋ 'ಸಿಟಿ ಆಫ್ ಡೆತ್' ಪ್ಯಾರಿಸ್ಸಿನಲ್ಲಿ ಶೂಟಿಂಗ್ ಆಗಿದ್ದು, ಈ ಧಾರಾವಾಹಿ ಮೊದಲ ಸಲ ಬ್ರಿಟನ್ ಬಿಟ್ಟು ಹೊರಗೆ ಹೋಗಿದ್ದು ಅದಕ್ಕೇ. ಮೋನಾಲಿಸಾ ಕಳ್ಳತನದ ಕಥೆ. ರೊಮಾನಾ ಶಾಲೆ ಹುಡುಗಿಯ ಯೂನಿಫಾರಂ ಥರದ ಬಟ್ಟೆ, ಹುಲ್ಲಿನ ಟೋಪಿ ಹಾಕ್ಕೊಂಡು ಡಾಕ್ಟರ್ ಕೈ ಹಿಡಿದು ರಸ್ತೆ ತುಂಬಾ ಓಡ್ತಾಳೆ. ಕೊನೆಯ ಕಂತನ್ನು 1.6 ಕೋಟಿಗೂ ಹೆಚ್ಚು ಜನ ನೋಡಿದ್ರು. ಎದುರಾಳಿ ಚಾನೆಲ್ ಐಟಿವಿ ಮುಷ್ಕರದಿಂದ ಬಂದ್ ಆಗಿದ್ದೂ ಅದಕ್ಕೆ ಕಾರಣ. (ಟಾಮ್ ಬೇಕರ್ ಮತ್ತು ಲಾಲಾ ವಾರ್ಡ್ 1980ರ ಡಿಸೆಂಬರಿನಲ್ಲಿ ನಿಜವಾಗಿಯೂ ಮದುವೆಯಾದ್ರು. 1982ರಲ್ಲಿ ಬೇರೆಯಾದ್ರು.)

ಇಷ್ಟೆಲ್ಲ ಖುಷಿಯಾಗಿ ನೋಡಿಕೊಂಡು ಬಂದವನು ಸಿಕ್ಕಿಹಾಕಿಕೊಂಡಿದ್ದು 'ದಿ ಹಾರ್ನ್ಸ್ ಆಫ್ ನೈಮನ್'ನಲ್ಲಿ. 1979ರ ಡಿಸೆಂಬರಿಂದ 1980ರ ಜನವರಿವರೆಗೆ ಬಂದಿದ್ದು. ಗ್ರೀಕರ ಮಿನೋಟಾರ್ ಕಥೆಯನ್ನೇ ಬಾಹ್ಯಾಕಾಶಕ್ಕೆ ಒಯ್ದಿದ್ದಾರೆ. ಗೂಳಿ ತಲೆಯ ರಾಕ್ಷಸರನ್ನ ನೋಡಿದ್ರೆ ನಮ್ಮೂರ ಜಾತ್ರೆಯ ವೇಷಗಳೇ ಎಷ್ಟೋ ವಾಸಿ. ಒಳ್ಳೇ ಕಥೆ ಅಂತ ಯಾರೂ ಹೇಳಲ್ಲ. ಆದ್ರೆ ಅದರಲ್ಲಿ ಒಂದು ಸಣ್ಣ ದೃಶ್ಯ ಇದೆ. ಡಾಕ್ಟರ್ ಹತ್ರ ಸೋನಿಕ್ ಸ್ಕ್ರೂಡ್ರೈವರ್ ಅಂತ ಒಂದು ಉಪಕರಣ ಇರುತ್ತೆ, ಬೀಗ ತೆಗೆಯೋದ್ರಿಂದ ಹಿಡಿದು ಎಲ್ಲದಕ್ಕೂ ಅದೇ. ರೊಮಾನಾ ತನ್ನದೇ ಒಂದನ್ನ ಮಾಡ್ಕೊಂಡಿರ್ತಾಳೆ. ಡಾಕ್ಟರ್ ಅದನ್ನ ಇಸ್ಕೊಂಡು ನೋಡ್ತಾನೆ. ಚೆನ್ನಾಗಿದೆ, ತನ್ನದಕ್ಕಿಂತ ಚೆನ್ನಾಗಿದೆ. ಮೆಲ್ಲಗೆ ತನ್ನ ಹಳೇದನ್ನ ಅವಳ ಕೈಗೆ ಕೊಟ್ಟು, ಅವಳದ್ದನ್ನ ಜೇಬಿಗೆ ಇಳಿಸೋಕೆ ನೋಡ್ತಾನೆ. ಅವಳಿಗೆ ಗೊತ್ತಾಗುತ್ತೆ, ವಾಪಸ್ ಇಸ್ಕೋತಾಳೆ. ಕೆಲವೇ ಸೆಕೆಂಡಿನ ತಮಾಷೆ.

ನನಗೆ ನಗು ಬರಲಿಲ್ಲ. ರಿಮೋಟ್ ತಗೊಂಡು ನಿಲ್ಲಿಸಿದೆ.

ಈಗ ನನ್ನ ಪುರಾಣ. 2007ರಲ್ಲಿ ಬೆಂಗಳೂರಿನಲ್ಲಿ ನಮ್ಮ ಟೀಮಿಗೆ ಕ್ಯಾಂಪಸ್ಸಿಂದ ಒಬ್ಬಳು ಹುಡುಗಿ ಬಂದಳು. ಮೊದಲ ವಾರವೇ ನಾನು ಬರೆದಿದ್ದ ಕೋಡಿನಲ್ಲಿ ಒಂದು ತಪ್ಪು ಹಿಡಿದು, "ಸರ್, ಇದು ಫೆಬ್ರವರಿ 29ಕ್ಕೆ ಕೈ ಕೊಡುತ್ತೆ" ಅಂದಳು. ನಾನು ಅಲ್ಲಿ ಟೀಮ್ ಲೀಡು. ಸರ್ ಅನ್ನಬೇಡ, ಹೆಸರು ಹಿಡಿದು ಕರಿ ಅಂದಿದ್ದೆ. ನಾನು ದೊಡ್ಡ ಮನಸ್ಸಿನವನು ಅಂತ ತೋರಿಸ್ಕೊಳ್ಳೋಕೆ ಅದು ಸುಲಭದ ದಾರಿ. ಅವಳ ಹೆಸರು ಐದಕ್ಷರದ್ದು, ಅಜ್ಜಿ ಇಟ್ಟಿದ್ದಂತೆ. ಮೊದಲ ಕ್ಲೈಂಟ್ ಕಾಲಿನಲ್ಲಿ ಅವಳನ್ನ ಪರಿಚಯ ಮಾಡಿಸುವಾಗ, ಇಂಗ್ಲೆಂಡಿನವರ ನಾಲಿಗೆ ಹೊರಳಲ್ಲ ಅಂತ ನಾನೇ ಅದನ್ನ ಎರಡಕ್ಷರಕ್ಕೆ ಇಳಿಸಿದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು ಅಂತ ನನ್ನ ನೆನಪು.

ನಮ್ಮ ಕೆಲಸದಲ್ಲಿ ಒಂದು ಪೀಡೆ ಇತ್ತು. ರಾತ್ರಿ ಬ್ಯಾಚ್ ಓಡಿ ಬಂದ ಫೈಲುಗಳನ್ನ ಹಿಂದಿನ ದಿನದ ಫೈಲುಗಳ ಜೊತೆ ತಾಳೆ ನೋಡೋದು. ಇಬ್ಬರು ಕೂತು ಎಕ್ಸೆಲ್ಲಿನಲ್ಲಿ ಸಾಲು ಸಾಲು ನೋಡಿದ್ರೂ ಮೂರು ಗಂಟೆ. ಯಾರೂ ಹೇಳದೇ ಅವಳು ಎರಡು ಶನಿವಾರ ಕೂತು ಪರ್ಲ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದಳು. ಮೂರು ಗಂಟೆಯ ಕೆಲಸ ನಾಲ್ಕು ನಿಮಿಷಕ್ಕೆ ಬಂತು. ಎಲ್ಲಿ ತಾಳೆ ಆಗಿಲ್ಲವೋ ಆ ಸಾಲಿಗೆ ಗುರುತು ಹಾಕಿ ಕೊಡ್ತಿತ್ತು. ನಾನು ನೋಡಿ, "ಸ್ವಲ್ಪ ನೀಟ್ ಮಾಡ್ತೀನಿ" ಅಂತ ಇಸ್ಕೊಂಡೆ. ನೀಟ್ ಮಾಡಿದ್ದು ಏನು ಅಂದ್ರೆ, ಮೇಲೆ ನಾಲ್ಕು ಸಾಲು ಕಾಮೆಂಟ್ ಹಾಕಿದ್ದು. ಅದರಲ್ಲಿ ಬರೆದವರು ಅನ್ನೋ ಕಡೆ ನನ್ನ ಹೆಸರು.

ಕ್ಲೈಂಟಿಗೆ ಡೆಮೋ ಕೊಟ್ಟಿದ್ದು ನಾನು. ಶುರುವಲ್ಲಿ 'ನಾವು' ಅಂತಲೇ ಹೇಳ್ತಿದ್ದೆ, ದೇವರಾಣೆ. ಈ ಯೋಚನೆ ಯಾರದ್ದು ಅಂತ ಆ ಕಡೆಯಿಂದ ಕೇಳಿದ್ರು. ತುಂಬಾ ದಿನದಿಂದ ನನ್ನ ತಲೇಲಿ ಇತ್ತು ಅಂದೆ. ಅವಳು ಅದೇ ರೂಮಿನಲ್ಲಿ ಪ್ರೊಜೆಕ್ಟರಿನ ಕೇಬಲ್ ಹಿಡಿದು ನಿಂತಿದ್ದಳು, ಅದು ಸಡಿಲ ಆಗಿತ್ತು, ಬಿಟ್ರೆ ಚಿತ್ರ ಹೋಗ್ತಿತ್ತು. ಡೆಮೋ ಮುಗಿದ ಮೇಲೆ ಕಾಫಿ ಮೆಷಿನ್ ಹತ್ರ ಸಿಕ್ಕಳು. "ಚೆನ್ನಾಗಾಯ್ತು ಸರ್" ಅಂದಳು. ಮತ್ತೆ ಸರ್ ಆಗಿಬಿಟ್ಟಿದ್ದೆ.

ಅವಳು ರೊಮಾನಾ ಥರ ವಾಪಸ್ ಇಸ್ಕೊಳ್ಳಲಿಲ್ಲ. ಯಾರ ಹತ್ರ ಇಸ್ಕೋತಾಳೆ? ಅವಳ ಅಪ್ರೈಸಲ್ ಬರೀತಿದ್ದವನೂ ನಾನೇ. 2009ರ ಬೇಸಿಗೆಯಲ್ಲಿ ಪೇಪರ್ ಹಾಕಿದಳು. ಕೊನೇ ದಿನ ಕೇಕ್ ಕಟ್ ಮಾಡುವಾಗ ನಾನು ಕಾಲ್ ಇದೆ ಅಂತ ಒಳಗೇ ಕೂತಿದ್ದೆ. ಕಾಲ್ ಇತ್ತು, ಆದ್ರೆ ಬಿಡಬಹುದಾದ ಕಾಲು. ಅದೇ ವರ್ಷದ ಕೊನೆಗೆ ನನಗೆ ರೆಡಿಂಗ್. ಆ ಡೆಮೋ ಇಲ್ಲದಿದ್ರೆ ಆನ್‌ಸೈಟ್ ಇಲ್ಲ, ಆನ್‌ಸೈಟ್ ಇಲ್ಲದಿದ್ರೆ ಆ ಚಾರಿಟಿ ಅಂಗಡಿ ಇಲ್ಲ. ಅಂದ್ರೆ ಡಿವಿಡಿಗೆ ಕೊಟ್ಟ ದುಡ್ಡೂ ಒಂದು ಲೆಕ್ಕಕ್ಕೆ ಅವಳದ್ದೇ.

ನಿಲ್ಲಿಸಿದ್ದನ್ನ ಮುಂದಿನ ವಾರ ಮುಗಿಸಿದೆ. ಆಮೇಲೆ ರೊಮಾನಾ ಹೇಗೆ ಹೋಗ್ತಾಳೆ ಅಂತ ನೋಡದೇ ಇರೋಕಾಗಲಿಲ್ಲ.

ಈ ಧಾರಾವಾಹಿಯಲ್ಲಿ ಹುಡುಗಿಯರನ್ನ ಕಳಿಸಿಕೊಡೋ ರೀತಿ ಬಗ್ಗೆ ಸ್ವಲ್ಪ ಹೇಳ್ಬೇಕು. ಎಲ್ಲರಿಗಿಂತ ಮೊದಲ ಸಂಗಾತಿ ಸೂಸನ್, ಡಾಕ್ಟರಿನ ಮೊಮ್ಮಗಳು. ಅವಳೂ ಅನ್ಯಲೋಕದವಳೇ. 1964ರ ಡಿಸೆಂಬರಿನಲ್ಲಿ ಅವಳಿಗೆ ಭೂಮಿಯ ಹುಡುಗನೊಬ್ಬ ಇಷ್ಟ ಆಗಿದ್ದಾನೆ ಅಂತ ತಾತ ಗಮನಿಸಿ, ಅವಳು ಹೊರಗಿರುವಾಗ ಟಾರ್ಡಿಸ್ ಬಾಗಿಲು ಹಾಕ್ಕೊಂಡು, ಒಳಗಿನಿಂದಲೇ ಬುದ್ಧಿವಾದ ಹೇಳಿ ಹೊರಟುಹೋಗ್ತಾನೆ. ನೋಡಿದವರಿಗೆ ಕಣ್ಣಲ್ಲಿ ನೀರು ಬರುತ್ತೆ, ನನಗೂ ಬಂತು. ಆದ್ರೆ ಅವಳನ್ನ ಯಾರೂ ಕೇಳಲಿಲ್ಲ. 1973ರಲ್ಲಿ ಜೋ ಮದುವೆ ಮಾಡ್ಕೊಂಡು ಹೋದಳು. 1978ರಲ್ಲಿ ಲೀಲಾ, ಚಾಕು ಹಿಡಿದು ಬೇಟೆಯಾಡೋ ಲೀಲಾ, ಗ್ಯಾಲಿಫ್ರೇಯ ಕಾವಲು ಪಡೆಯ ಒಬ್ಬನನ್ನ ಮದುವೆ ಆಗ್ತೀನಿ ಅಂತ ಕೊನೇ ಗಳಿಗೆಯಲ್ಲಿ ಹೇಳಿ ಉಳ್ಕೊಂಡಳು. ಆ ಪ್ರೀತಿ ಯಾವಾಗ ಶುರುವಾಯ್ತು ಅಂತ ಎರಡು ಸಲ ನೋಡಿದ್ರೂ ನನಗೆ ಸಿಗಲಿಲ್ಲ.

ರೊಮಾನಾಳ ಸರದಿ ಬಂದಾಗ ಕಥೆ ಹೀಗಿದೆ. 1980ರ ಅಕ್ಟೋಬರಿನ 'ಫುಲ್ ಸರ್ಕಲ್' ಶುರುವಲ್ಲಿ ಗ್ಯಾಲಿಫ್ರೇಯಿಂದ ಅವಳಿಗೆ ವಾಪಸ್ ಬಾ ಅಂತ ಕರೆ ಬಂದಿರುತ್ತೆ. ಅವಳಿಗೆ ಹೋಗೋ ಮನಸ್ಸಿಲ್ಲ. ಹೋಗೋ ದಾರಿಯಲ್ಲಿ ಟಾರ್ಡಿಸ್ ಇ-ಸ್ಪೇಸ್ ಅನ್ನೋ ಬೇರೆಯದೇ ಪುಟ್ಟ ವಿಶ್ವಕ್ಕೆ ಬಿದ್ದುಬಿಡುತ್ತೆ. ಅಲ್ಲಿಂದ ಹೊರಗೆ ಬರೋ ಕಥೆ 1981ರ ಜನವರಿಯ 'ವಾರಿಯರ್ಸ್ ಗೇಟ್'. ಎಲ್ಲ ಕಡೆ ಬರೀ ಬಿಳಿ ಶೂನ್ಯ, ಅದರ ನಡುವೆ ಒಂದು ಪಾಳು ಬಾಗಿಲು, ಒಳಗೆ ಕನ್ನಡಿಗಳು. ಥಾರಿಲ್ ಅನ್ನೋ ಸಿಂಹದ ಮುಖದ ಜನ, ಕಾಲದ ದಾರಿಗಳನ್ನ ಕಾಣಬಲ್ಲವರು. ಅವರನ್ನ ಗುಲಾಮರನ್ನಾಗಿ ಹಿಡಿದು ಹಡಗು ನಡೆಸೋಕೆ ಕಟ್ಟಿ ಕೂರಿಸಿರ್ತಾರೆ. ಒಂದು ಕಾಲದಲ್ಲಿ ಅದೇ ಥಾರಿಲ್‌ಗಳು ಬೇರೆಯವರನ್ನ ಗುಲಾಮರನ್ನಾಗಿ ಇಟ್ಕೊಂಡಿದ್ದವರು ಅನ್ನೋದೂ ಗೊತ್ತಾಗುತ್ತೆ. ಅದು ಸಲೀಸಾಗಿ ಅರ್ಥ ಆಗೋ ಕಥೆ ಅಲ್ಲ, ನನಗೆ ಮೂರನೇ ಸಲಕ್ಕೆ ಸ್ವಲ್ಪ ಹಿಡಿತ ಸಿಕ್ತು.

ಕೊನೆಯಲ್ಲಿ ಡಾಕ್ಟರ್ ಹೊರಡೋ ಆತುರದಲ್ಲಿ ಬಾ ಅಂತಾನೆ. ಅವಳು ಬರಲ್ಲ ಅಂತಾಳೆ. ಇನ್ನೂ ಬಂಧನದಲ್ಲಿರೋ ಥಾರಿಲ್‌ಗಳನ್ನ ಬಿಡಿಸೋ ಕೆಲಸ ಇದೆ, ಇನ್ಮೇಲೆ ತಾನು ತನ್ನದೇ ರೊಮಾನಾ ಆಗಿರ್ಬೇಕು ಅಂತ ಹೇಳ್ತಾಳೆ. ಯಂತ್ರದ ನಾಯಿ ಕೆ-9 ಕೆಟ್ಟಿದೆ, ಕನ್ನಡಿಯ ಆ ಕಡೆ ಮಾತ್ರ ಸರಿ ಹೋಗುತ್ತೆ, ಅದನ್ನ ಅವಳಿಗೇ ಕೊಡ್ತಾನೆ. ಅಷ್ಟೇ. ಮದುವೆ ಇಲ್ಲ, ಅಳು ಇಲ್ಲ. ಜೊತೆಗಿದ್ದ ಹುಡುಗ ಏಡ್ರಿಕ್ ಅವಳು ಹುಷಾರಾಗಿರ್ತಾಳಾ ಅಂತ ಕೇಳಿದಾಗ, ಬರೀ ಹುಷಾರಾಗಲ್ಲ, ಅದ್ಭುತವಾಗಿರ್ತಾಳೆ ಅಂತಾನೆ ಡಾಕ್ಟರ್. ಮೂರು ವರ್ಷ ಜೊತೆಗಿದ್ದವಳಿಗೆ ಇಷ್ಟು ಗಡಿಬಿಡಿಯ ಬೀಳ್ಕೊಡುಗೆಯಾ ಅಂತ ಅಭಿಮಾನಿಗಳ ದೂರು. ನನಗೆ ಅದು ಸರಿಯಾಗೇ ಇದೆ ಅನ್ಸುತ್ತೆ. ಕೆಲಸ ಇರೋರು ಹಾಗೇ ಹೋಗ್ತಾರೆ. ಮತ್ತೆ, ಸ್ಕ್ರೂಡ್ರೈವರ್ ಕದಿಯೋಕೆ ನೋಡಿದವನು ಹೋಗುವಾಗ ನಾಯಿಯನ್ನಾದ್ರೂ ಕೊಟ್ಟ. ನಾನು ಕೇಕ್ ತಿನ್ನೋಕೂ ಹೋಗಿರಲಿಲ್ಲ.

2011ರಲ್ಲಿ ಬೆಂಗಳೂರಿಗೆ ವಾಪಸ್ ಬಂದೆ. ಆ ಸ್ಕ್ರಿಪ್ಟಿನ ಮೇಲಿರೋ ನನ್ನ ಹೆಸರು ತೆಗೆದು ಅವಳ ಹೆಸರು ಹಾಕ್ಬೇಕು ಅಂತ ಮೊದಲ ದಿನವೇ ಹುಡುಕಿದೆ. ಅಷ್ಟರಲ್ಲಿ ಹೊಸ ಸಿಸ್ಟಮ್ ಬಂದು ಅದನ್ನೇ ಎತ್ತಿ ಹಾಕಿದ್ರು. ಅವಳಿಗೆ ಮೇಲ್ ಬರೆಯೋಣ ಅಂತ ಕೂತೆ, ನಾಳೆ ಅಂತ ಎದ್ದೆ. ಹೀಗೇ ಆರು ವರ್ಷ.

ಬರೆಸಿದ್ದು ಮತ್ತೆ ರೊಮಾನಾಳೇ. ಡಗ್ಲಸ್ ಆಡಮ್ಸ್ ಬರೆದ 'ಶಾಡಾ' ಅಂತ ಒಂದು ಕಥೆ ಇದೆ. ಕೇಂಬ್ರಿಜ್‌ನಲ್ಲಿ ಮೇಷ್ಟ್ರ ವೇಷದಲ್ಲಿ ನಿವೃತ್ತ ಜೀವನ ನಡೆಸ್ತಿರೋ ಒಬ್ಬ ಮುದುಕ ಟೈಮ್ ಲಾರ್ಡ್, ಗ್ಯಾಲಿಫ್ರೇಯಿಂದ ಅವನು ಕದ್ದು ತಂದ ಒಂದು ಪುಸ್ತಕ. 1979ರಲ್ಲಿ ಕೇಂಬ್ರಿಜ್ ಶೂಟಿಂಗ್ ಮುಗಿದು ಸ್ಟುಡಿಯೋ ಕೆಲಸ ಅರ್ಧ ಆಗಿರುವಾಗ ಬಿಬಿಸಿಯಲ್ಲೇ ಮುಷ್ಕರವಾಗಿ ನಿಂತುಹೋಯ್ತು. ಡಾಕ್ಟರ್ ಮತ್ತು ರೊಮಾನಾ ಕ್ಯಾಮ್ ನದಿಯಲ್ಲಿ ದೋಣಿಯಲ್ಲಿ ಹೋಗೋ ತುಣುಕನ್ನ 1983ರ 'ದಿ ಫೈವ್ ಡಾಕ್ಟರ್ಸ್'ನಲ್ಲಿ ಬಳಸಿಕೊಂಡ್ರು. ಉಳಿದಿದ್ದು ಹಾಗೇ ಬಿದ್ದಿತ್ತು. ಆಡಮ್ಸ್ 2001ರಲ್ಲಿ ತೀರಿಹೋದ. 2017ರಲ್ಲಿ ಬಿಟ್ಟುಹೋದ ದೃಶ್ಯಗಳನ್ನ ಅನಿಮೇಷನ್ನಿನಲ್ಲಿ ಮಾಡಿ, ಹಳೇ ನಟರಿಂದಲೇ ಮಾತು ಹೇಳಿಸಿ ಕಥೆ ಮುಗಿಸಿದ್ರು. ಟಾಮ್ ಬೇಕರ್, ಲಾಲಾ ವಾರ್ಡ್ ಇಬ್ಬರೂ ಬಂದ್ರು. ಕೊನೆಗೆ 83 ವರ್ಷದ ಟಾಮ್ ಬೇಕರ್ ಅದೇ ಸ್ಕಾರ್ಫ್ ಸುತ್ಕೊಂಡು ಪರದೆ ಮೇಲೂ ಬರ್ತಾನೆ. ಮೂವತ್ತೆಂಟು ವರ್ಷ ಆದ್ಮೇಲೆ!

ಅದನ್ನ ನೋಡಿದ ರಾತ್ರಿಯೇ ಅವಳಿಗೆ ಮೇಲ್ ಬರೆದೆ. ಸ್ಕ್ರಿಪ್ಟು, ಕಾಮೆಂಟು, ಡೆಮೋ, ಕೇಕು, ಎಲ್ಲ. ಸ್ಕ್ರೂಡ್ರೈವರ್ ಕಥೆಯನ್ನೂ ಹೇಳಿದೆ. ಉತ್ತರ ಬರಲ್ಲ ಅಂದ್ಕೊಂಡಿದ್ದೆ, ಎರಡು ದಿನಕ್ಕೆ ಬಂತು.

"ಸ್ಕ್ರಿಪ್ಟಿನ ವಿಷಯ ನೆನಪಿದೆ ಸರ್. ಆಗ ಸಿಟ್ಟು ಬಂದಿತ್ತು, ಆಮೇಲೆ ಅದಕ್ಕಿಂತ ಒಳ್ಳೇದು ಬರೆದೆ. ಹೆಸರು ಕತ್ತರಿಸಿದ್ದು ಮಾತ್ರ ಈಗಲೂ ಬೇಜಾರು. ಅಲ್ಲಿಂದ ಬಂದವರು ಎಲ್ಲ ಕಡೆ ಸಿಗ್ತಾರಲ್ಲ, ಮುಂದಿನ ಎರಡು ಕಂಪನಿಯಲ್ಲೂ ನನ್ನನ್ನ ಅದೇ ಹೆಸರಲ್ಲಿ ಕರೆದ್ರು. ಅಜ್ಜಿ ಇದ್ದಾಗ ಅವರಿಗೆ ಗೊತ್ತಾಗದ ಹಾಗೆ ನೋಡ್ಕೊಂಡಿದ್ದೆ."

ಕೆಳಗೆ ಐದಕ್ಷರವನ್ನೂ ಬರೆದಿದ್ದಳು.

ನಾನು ಆ ಉದ್ದದ ಮೇಲಿನಲ್ಲಿ ಹೆಸರಿನ ವಿಷಯ ಬರೆದೇ ಇರಲಿಲ್ಲ. ಹೊಳೆದಿರಲೇ ಇಲ್ಲ. ಆ ರೊಮಾನಾ-ಫ್ರೆಡ್ ದೃಶ್ಯವನ್ನ ಅಷ್ಟು ಸಲ ನೋಡಿ ನಕ್ಕಿದ್ದೆನಲ್ಲ...

ಮತ್ತೊಂದು ಮೇಲ್ ಬರೆದು ಅದಕ್ಕೂ ತಪ್ಪಾಯ್ತು ಅಂದೆ, ಪೂರ್ತಿ ಹೆಸರು ಹಾಕಿ. ರೊಮಾನಾಳ ಡಿವಿಡಿಗಳು ನನ್ನ ಹತ್ರ ಇವೆ, ಕಳಿಸ್ಲಾ ಅಂತ ಕೇಳಿದೆ. "ಕಳಿಸಿ ಸರ್" ಅಂತ ಬರೆದು, ಮತ್ತೆ ಐದು ನಿಮಿಷಕ್ಕೆ ಇನ್ನೊಂದು ಸಾಲು ಬರೆದಳು. "ಆದ್ರೆ ನಮ್ಮನೇಲಿ ಡಿವಿಡಿ ಪ್ಲೇಯರ್ ಇಲ್ಲ."